ಚಿಕ್ಕಮ್ಮನ ಪಿತ್ತಕೋಶ ಮತ್ತು ಒಂದು ಸೆಂಟಿಮೀಟರಿನ ಸ್ಟೆಂಟ್

ಕಾಮಾಲೆ ಇಳಿಯುತ್ತಿದೆ ಎಂದು ನಾವು ನಿಟ್ಟುಸಿರು ಬಿಟ್ಟಿದ್ದ ವಾರವೇ ಚಿಕ್ಕಮ್ಮನಿಗೆ ನೋವು ಶುರುವಾಯಿತು. ಕ್ಯಾನ್ಸರ್ ಗಡ್ಡೆಯಿಂದ ಕಟ್ಟಿದ್ದ ಪಿತ್ತನಾಳಕ್ಕೆ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಸಣ್ಣ ಕೊಳವೆ, ಹಾಕಿ ಒಂಬತ್ತು ದಿನವಾಗಿತ್ತು. ಕಣ್ಣಿನ ಹಳದಿ ತಿಳಿಯಾಗಿತ್ತು. ಎರಡು ತಿಂಗಳಿಂದ ನಿದ್ದೆಗೆಡಿಸಿದ್ದ ಮೈತುರಿಕೆ ನಿಂತಿತ್ತು. ಆ ಸಂಜೆ ನೋಡಿದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಅಂಗೈ ಒತ್ತಿಹಿಡಿದು ಮಂಚದ ತುದಿಯಲ್ಲಿ ಕೂತಿದ್ದಾಳೆ. ಉಸಿರನ್ನು ಅರ್ಧಕ್ಕೆ ಎಳೆದು ನಿಲ್ಲಿಸುತ್ತಾಳೆ, ಮತ್ತೆ ಎಳೆಯುತ್ತಾಳೆ. ರಾತ್ರಿ ಹತ್ತರ ಹೊತ್ತಿಗೆ ಚಳಿ ಹತ್ತಿ ಮೈ ನಡುಗತೊಡಗಿತು. ಜ್ವರ 102 ಡಿಗ್ರಿ.

“ಟ್ಯೂಬ್ ಹಾಕಿ ದಾರಿ ಬಿಡಿಸಿದ್ರಲ್ಲ ಮಗಾ, ಇನ್ನೇನು ಕಟ್ಕೊಂಡಿದೆ?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ನಾನೂ ಎಲ್ಲರಂತೆ ಪಿತ್ತನಾಳ ಅಂದರೆ ಒಂದೇ ಕೊಳವೆ, ಕಟ್ಟಿದ್ದನ್ನು ಬಿಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಆಮೇಲಿನ ಎರಡು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಹಾದಿಯಲ್ಲಿ ಬರುವ ಯಾರಿಗಾದರೂ ನಮಗಿಂತ ಸ್ವಲ್ಪ ಬೇಗ ಅರ್ಥವಾಗಲಿ ಎಂಬ ಆಸೆಯಿಂದ.

ಪಿತ್ತ ನೆತ್ತಿಗೇರಿತು ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಪಿತ್ತ ನಿಜವಾಗಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕಾಯಿಲೆ ಬರುವ ತನಕ ನಾನು ಯೋಚಿಸಿರಲಿಲ್ಲ. ಲಿವರ್ ದಿನಕ್ಕೆ ಸುಮಾರು 500ರಿಂದ 1000 ಮಿಲಿಲೀಟರ್ ಪಿತ್ತರಸ ತಯಾರಿಸುತ್ತದೆ. ಎಲೆಯ ನರಗಳಂತೆ ಲಿವರಿನೊಳಗೆ ಹರಡಿರುವ ಸಣ್ಣ ನಾಳಗಳು ಒಂದಕ್ಕೊಂದು ಕೂಡುತ್ತ ಬಂದು ಒಂದು ದೊಡ್ಡ ನಾಳವಾಗುತ್ತವೆ. ಅದು ಕೆಳಗಿಳಿದು, ಮೇದೋಜೀರಕ ಗ್ರಂಥಿಯ ತಲೆಯೊಳಗೆ ಹಾದು, ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಂಗೆ ತೆರೆದುಕೊಳ್ಳುತ್ತದೆ. ಈ ಹೆದ್ದಾರಿಗೆ ಪಕ್ಕದಿಂದ ಒಂದು ಓಣಿ ಬಂದು ಸೇರುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಉದ್ದದ, ಒಳಗೆ ತಿರುಚಿದ ಮಡಿಕೆಗಳಿರುವ ಕಿರಿದಾದ ಓಣಿ. ಅದರ ಕೊನೆಗೆ ಪಿತ್ತಕೋಶ. 30ರಿಂದ 50 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ. ಲಿವರಿನಿಂದ ಬಂದ ಪಿತ್ತರಸವನ್ನು ತುಂಬಿಸಿಕೊಂಡು, ನೀರಿನಂಶ ಹೀರಿ ಗಟ್ಟಿಮಾಡಿ, ಊಟವಾದ ಮೇಲೆ ಹಿಂಡಿ ಅದೇ ಓಣಿಯಿಂದ ಹೊರಗೆ ಕಳಿಸುತ್ತದೆ. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಅದಕ್ಕಿರುವುದು ಆ ಒಂದೇ ಬಾಗಿಲು.

ಚಿಕ್ಕಮ್ಮನ ಕ್ಯಾನ್ಸರ್ ಪಿತ್ತನಾಳದ್ದು. ಗಡ್ಡೆ ಬೆಳೆದದ್ದು ಸರಿಯಾಗಿ ಓಣಿಯೂ ಹೆದ್ದಾರಿಯೂ ಕೂಡುವ ಜಾಗದ ಆಸುಪಾಸಿನಲ್ಲಿ. ಮೊದಲ ಲಕ್ಷಣ ಕಾಮಾಲೆ, ಅದೂ ನೋವಿಲ್ಲದ ಕಾಮಾಲೆ. ಮೂತ್ರ ಕಡುಹಳದಿ, ಮಲ ಜೇಡಿಮಣ್ಣಿನಂತೆ ಬಿಳುಚು, ಮೈಯೆಲ್ಲ ತುರಿಕೆ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಲಿವರಿನಲ್ಲೂ ಎರಡು ಕಡೆ ಹರಡಿತ್ತು. ಆಪರೇಷನ್ ಮಾಡಿ ತೆಗೆಯುವ ಹಂತ ದಾಟಿತ್ತು. ಉಳಿದದ್ದು ಕಿಮೋ. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ರಕ್ತದಲ್ಲಿ 14ಕ್ಕೆ ಏರಿದ್ದಾಗ ಕಿಮೋ ಕೊಡುವಂತಿರಲಿಲ್ಲ, ಅದಕ್ಕೇ ಮೊದಲು ನಾಳ ಬಿಡಿಸಿದ್ದು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಕರುಳಿಗೆ ನಾಳ ತೆರೆಯುವ ಬಾಯಿಯೊಳಗೆ ತಂತಿ ತೂರಿಸಿ, ಅದರ ಮೇಲೆ ಸ್ಟೆಂಟ್ ಏರಿಸಿ ಕೂರಿಸುವ ಈ ವಿಧಾನಕ್ಕೆ ಇಆರ್‌ಸಿಪಿ ಎನ್ನುತ್ತಾರೆ. ಪ್ಲಾಸ್ಟಿಕ್ ಸ್ಟೆಂಟ್ ಮೂರು ಮಿಲಿಮೀಟರಿಗಿಂತ ಸ್ವಲ್ಪ ಅಗಲ, ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಕಟ್ಟಿಕೊಳ್ಳುತ್ತದೆ. ಲೋಹದ ಜಾಲರಿಯ ಸ್ಟೆಂಟ್ ಒಳಗೆ ಹೋದ ಮೇಲೆ ತಾನಾಗಿ ಹಿಗ್ಗಿ ಹತ್ತು ಮಿಲಿಮೀಟರ್ ಆಗುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಅವಳಿಗೆ ಹಾಕಿದ್ದು ಲೋಹದ್ದು.

ಹೆದ್ದಾರಿ ಬಿಟ್ಟಿತು. ಓಣಿಯ ಬಾಯಿ ಮುಚ್ಚಿತು.

ಆ ರಾತ್ರಿ ತುರ್ತು ವಿಭಾಗದಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಬಲಗಡೆ ಪಕ್ಕೆಲುಬಿನ ಅಂಚಿನಲ್ಲಿ ಬೆರಳೊತ್ತಿ, “ಉಸಿರು ಜೋರಾಗಿ ಎಳ್ಕೊಳ್ಳಿ ಅಮ್ಮ” ಅಂದರು. ಅರ್ಧ ಎಳೆಯುವಷ್ಟರಲ್ಲಿ ಚಿಕ್ಕಮ್ಮ ಚೀರಿ ನಿಲ್ಲಿಸಿದಳು. ಉಸಿರೆಳೆದಾಗ ಲಿವರ್ ಕೆಳಗಿಳಿಯುತ್ತದೆ, ಅದರ ಜೊತೆ ಊದಿಕೊಂಡ ಪಿತ್ತಕೋಶವೂ ಇಳಿದು ಬೆರಳಿಗೆ ತಗಲುತ್ತದೆ. ಅಮೆರಿಕದ ಶಸ್ತ್ರವೈದ್ಯ ಜಾನ್ ಬೆಂಜಮಿನ್ ಮರ್ಫಿ ಶತಮಾನದ ಹಿಂದೆ ತೋರಿಸಿಕೊಟ್ಟ ಈ ಪರೀಕ್ಷೆ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಅಷ್ಟೆಲ್ಲ ಯಂತ್ರಗಳ ನಡುವೆ ಎರಡು ಬೆರಳು ಮೊದಲು ಹೇಳಿದ್ದನ್ನೇ ಆಮೇಲೆ ಅಲ್ಟ್ರಾಸೌಂಡ್ ಹೇಳಿತು: ಪಿತ್ತಕೋಶ ಊದಿದೆ, ಗೋಡೆ ದಪ್ಪವಾಗಿದೆ, ಸುತ್ತ ನೀರು ಕಟ್ಟಿದೆ, ಒಳಗೆ ಕಲ್ಲಿಲ್ಲ.

ಕಲ್ಲಿಲ್ಲ ಅನ್ನುವುದೇ ಇಲ್ಲಿ ಮುಖ್ಯವಾದ ಮಾತು. ಪಿತ್ತಕೋಶದ ಉರಿಯೂತದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚು ಕಲ್ಲಿನಿಂದಲೇ ಬರುತ್ತವೆ. ಓಣಿಯಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ, ಒಳಗಿನದು ಒಳಗೇ ಉಳಿದು ಒತ್ತಡ ಏರುತ್ತದೆ, ಗೋಡೆಗೆ ರಕ್ತ ಓಡಾಡುವುದು ಕಡಿಮೆಯಾಗುತ್ತದೆ, ಸೋಂಕು ಸೇರಿಕೊಳ್ಳುತ್ತದೆ. ಬಿಟ್ಟರೆ ಗೋಡೆ ಕೊಳೆತು ತೂತಾಗಬಹುದು. ಕ್ಯಾನ್ಸರಿನಲ್ಲಿ ಕಲ್ಲಿನ ಜಾಗದಲ್ಲಿ ಗಡ್ಡೆ ಇರುತ್ತದೆ, ಮಿಕ್ಕದ್ದೆಲ್ಲ ಅದೇ ಕಥೆ. ಗಡ್ಡೆ ಓಣಿಯ ಬಾಯನ್ನು ಆಗಲೇ ಕಿರಿದು ಮಾಡಿದ್ದಾಗ, ಹೆದ್ದಾರಿಯಲ್ಲಿ ಹಿಗ್ಗಿದ ಲೋಹದ ಸ್ಟೆಂಟ್ ಆ ಗಡ್ಡೆಯನ್ನು ಪಕ್ಕಕ್ಕೆ ಒತ್ತಿ ಉಳಿದಿದ್ದ ಕಿಂಡಿಯನ್ನೂ ಮುಚ್ಚಿಬಿಡಬಹುದು. ಕರುಳಿನ ಬ್ಯಾಕ್ಟೀರಿಯಾಗಳೂ ಸ್ಟೆಂಟಿನ ದಾರಿಯಲ್ಲಿ ಮೇಲೆ ಬಂದಿರುತ್ತವೆ. ಇದು ಯಾರ ಕೈತಪ್ಪೂ ಅಲ್ಲ. ಕಾಮಾಲೆಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಹೀಗಾಗುವುದು ವೈದ್ಯಲೋಕಕ್ಕೆ ಗೊತ್ತಿರುವ ವಿಷಯ, ಗಡ್ಡೆ ಆ ಓಣಿಯನ್ನು ಮುಟ್ಟಿದ್ದರೆ ಸಾಧ್ಯತೆ ಹೆಚ್ಚು. ನಮಗೆ ಮೊದಲೇ ಗೊತ್ತಿದ್ದರೆ ನೋವು ಶುರುವಾದ ಸಂಜೆಯೇ ಹೊರಡುತ್ತಿದ್ದೆವು. ರಾತ್ರಿಯವರೆಗೆ ಕಾಯುತ್ತಿರಲಿಲ್ಲ.

ಸಾಮಾನ್ಯವಾಗಿ ಈ ಉರಿಯೂತಕ್ಕೆ ಮದ್ದು ಪಿತ್ತಕೋಶವನ್ನೇ ತೆಗೆಯುವುದು. 68 ವಯಸ್ಸು, ಹರಡಿದ ಕ್ಯಾನ್ಸರ್, ರಕ್ತದಲ್ಲಿ ಸೋಂಕು. ಆ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯುವ ಮಾತೇ ಇರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಅಲ್ಟ್ರಾಸೌಂಡ್ ನೋಡಿಕೊಳ್ಳುತ್ತ, ಪಕ್ಕೆಲುಬಿನ ಬಳಿ ಚರ್ಮ ಮರಗಟ್ಟಿಸಿ, ಲಿವರಿನ ಮೂಲಕ ಸೂಜಿ ಹಾಯಿಸಿ ಪಿತ್ತಕೋಶಕ್ಕೆ ತೆಳುವಾದ ನಳಿಗೆ ಹಾಕಿದರು. ಕಪ್ಪು ಹಸಿರು ಬಣ್ಣದ, ಕೀವು ಬೆರೆತ ದ್ರವ ನಳಿಗೆಯ ಹೊರತುದಿಗೆ ಕಟ್ಟಿದ ಚೀಲಕ್ಕೆ ಇಳಿಯಿತು. ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ಆ ರಾತ್ರಿ ಅವಳನ್ನು ಉಳಿಸಿದ್ದು ಆ ನಳಿಗೆ. ಮುಂದೆ ನಾನು ಅದರ ಬಗ್ಗೆ ಏನೇ ಬರೆದರೂ ಈ ಮಾತು ಮೊದಲು ಇರಲಿ.

ಮನೆಗೆ ಬಂದ ಮೇಲೆ ಬೇರೆ ಜೀವನ ಶುರುವಾಯಿತು. ಸೊಂಟದ ಪಕ್ಕದಲ್ಲಿ ಸದಾ ತೂಗುವ ಚೀಲ. ದಿನವೂ ಅದರಲ್ಲಿ ಎಷ್ಟು ಬಂತು ಎಂದು ಅಳೆದು ಬರೆಯಬೇಕು. ನಳಿಗೆ ಕಟ್ಟದಂತೆ ಸಿರಿಂಜಿನಲ್ಲಿ ಸಲೈನ್ ಬಿಟ್ಟು ತೊಳೆಯಬೇಕು. ಹೊಲಿಗೆಯ ಸುತ್ತ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಸೀರೆ ಉಡುವುದು ನಿಂತಿತು. ಚಿಕ್ಕಮ್ಮ ಚಿಕ್ಕಂದಿನಿಂದಲೂ ಬಲಮಗ್ಗುಲಲ್ಲೇ ಮಲಗುವವಳು. ಈಗ ಅಂಗಾತ ಮಲಗಿ ಸೂರು ನೋಡುತ್ತ ಬೆಳಗು ಮಾಡುತ್ತಿದ್ದಳು. ಮೂರನೇ ವಾರ ನಿದ್ದೆಗಣ್ಣಲ್ಲಿ ಹೊರಳಿ ನಳಿಗೆ ಅರ್ಧ ಹೊರಗೆ ಬಂತು, ಮತ್ತೆ ಓಡಿದೆವು, ಮತ್ತೆ ಸೂಜಿ. ಅವತ್ತು ವಾಪಸು ಬರುವಾಗ ಕಾರಿನಲ್ಲಿ ಅವಳು ಒಂದೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, “ಕ್ಯಾನ್ಸರ್ ನಂಗೆ ಕಾಣ್ಸಲ್ಲ ಮಗಾ, ಈ ಚೀಲ ಕಾಣತ್ತೆ” ಅಂದಳು.

ಆಗ ನಾನು ಕೇಳಬೇಕಾಗಿದ್ದ, ಕೇಳದೇ ಉಳಿದಿದ್ದ ಪ್ರಶ್ನೆ ಒಂದಿತ್ತು: ಇದನ್ನು ಯಾವಾಗ ತೆಗೆಯುತ್ತಾರೆ? ಕಲ್ಲಿನ ರೋಗಿಗೆ ಈ ನಳಿಗೆ ಸೇತುವೆ ಇದ್ದಂತೆ. ಕೆಲವು ವಾರ ಇಟ್ಟು, ಮೈ ಚೇತರಿಸಿಕೊಂಡ ಮೇಲೆ ಪಿತ್ತಕೋಶ ತೆಗೆಯುತ್ತಾರೆ, ಇಲ್ಲವೇ ಓಣಿ ಮತ್ತೆ ತೆರೆದಿದೆ ಎಂದು ಖಾತ್ರಿ ಮಾಡಿಕೊಂಡು ನಳಿಗೆ ಕೀಳುತ್ತಾರೆ. ಚಿಕ್ಕಮ್ಮನ ಓಣಿ ಕಟ್ಟಿದ್ದು ಗಡ್ಡೆಯಿಂದ. ಗಡ್ಡೆ ಜರುಗುವುದಿಲ್ಲ, ಕರಗಿ ಕೆಳಗಿಳಿಯುವುದಿಲ್ಲ. ಅಂದರೆ ನಳಿಗೆ ತೆಗೆದರೆ ಉರಿಯೂತ ಮರಳಿ ಬರುವುದು ಬಹುತೇಕ ಖಚಿತ, ತೆಗೆಯದಿದ್ದರೆ ಆಯುಷ್ಯವಿರುವಷ್ಟು ದಿನ ಚೀಲ ಹೊರಬೇಕು. ಇದನ್ನು ನಮಗೆ ಬಿಡಿಸಿ ಹೇಳಿದ್ದು ಐದನೇ ವಾರ ನೋಡಿದ ಜೀರ್ಣಾಂಗ ತಜ್ಞರು. ವರದಿಯ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಲಿವರ್, ನಾಳ, ಪಿತ್ತಕೋಶ ಬರೆದು ಗಡ್ಡೆಯ ಜಾಗಕ್ಕೆ ಅಡ್ಡಗೆರೆ ಎಳೆದರು. “ನೋಡಿ ಅಮ್ಮ, ಈ ಬಾಗಿಲು ಇನ್ನು ತೆಗೆಯಲ್ಲ. ಗೋಡೆಯಲ್ಲಿ ಹೊಸ ಬಾಗಿಲು ಮಾಡಬಹುದು” ಅಂದರು. ಚಿಕ್ಕಮ್ಮ ಆ ಹಾಳೆಯನ್ನು ಕೇಳಿ ಇಸಿದುಕೊಂಡಳು.

ಒಳಗಿನಿಂದ ಪಿತ್ತಕೋಶ ಖಾಲಿ ಮಾಡಲು ಎರಡು ದಾರಿಗಳಿವೆ. ಮೊದಲನೆಯದು ಇಆರ್‌ಸಿಪಿಯಲ್ಲೇ, ಹೆದ್ದಾರಿಯಿಂದ ಓಣಿಗೆ ತಂತಿ ತಿರುಗಿಸಿ, ಎರಡೂ ತುದಿ ಸುರುಳಿ ಸುತ್ತಿರುವ ತೆಳು ಪ್ಲಾಸ್ಟಿಕ್ ಸ್ಟೆಂಟನ್ನು ಪಿತ್ತಕೋಶದವರೆಗೆ ತಲುಪಿಸುವುದು. ಹೊಸ ತೂತು ಮಾಡಬೇಕಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿದವರಿಗೂ ರಕ್ತ ಬೇಗ ಹೆಪ್ಪುಗಟ್ಟದವರಿಗೂ ಇದು ಹೆಚ್ಚು ಸುರಕ್ಷಿತ. ಆದರೆ ಮೊದಲೇ ತಿರುಚಿಕೊಂಡಿರುವ ಓಣಿಯನ್ನು ಗಡ್ಡೆ ಹಿಸುಕಿರುವಾಗ ತಂತಿ ತೂರುವುದೇ ಕಷ್ಟ. ನಮ್ಮ ವಿಷಯದಲ್ಲಿ ಲೋಹದ ಜಾಲರಿಯೂ ಅಡ್ಡ ನಿಂತಿತ್ತು. ಪ್ರಯತ್ನಿಸುವುದರಲ್ಲಿ ಅರ್ಥವಿಲ್ಲ ಎಂದು ಆ ವೈದ್ಯರು ನೇರವಾಗಿ ಹೇಳಿದರು.

ಎರಡನೆಯದೇ ಅವರು ಹೇಳಿದ ಹೊಸ ಬಾಗಿಲು. ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಸಾಧನವೊಂದಿದೆ. ಅದನ್ನು ಡ್ಯುವೋಡಿನಂವರೆಗೆ ಇಳಿಸಿದರೆ ಕರುಳಿನ ಗೋಡೆಯ ಆಚೆ ಅಂಟಿಕೊಂಡಂತೆ ಕೂತಿರುವ ಪಿತ್ತಕೋಶ ಪರದೆಯ ಮೇಲೆ ಕಾಣುತ್ತದೆ. ನಡುವೆ ರಕ್ತನಾಳ ಇಲ್ಲದ ಜಾಗ ನೋಡಿ, ವಿದ್ಯುತ್ ಬಿಸಿಯಿಂದ ಗೋಡೆ ಕೊರೆದು, ಕರುಳಿಗೂ ಪಿತ್ತಕೋಶಕ್ಕೂ ನಡುವೆ ಗಿಡ್ಡನೆಯ ಲೋಹದ ಸ್ಟೆಂಟ್ ಕೂರಿಸುತ್ತಾರೆ. ಅದರ ಆಕಾರ ಡಂಬೆಲ್ಲಿನಂತೆ. ನಡುವಿನ ಕತ್ತು ಸುಮಾರು ಒಂದು ಸೆಂಟಿಮೀಟರ್ ಉದ್ದ, ಎರಡು ತುದಿಗೂ ಅಗಲವಾದ ಅಂಚು. ಒಂದಂಚು ಪಿತ್ತಕೋಶದೊಳಗೆ ಅರಳುತ್ತದೆ, ಇನ್ನೊಂದು ಕರುಳಿನೊಳಗೆ. ನಡುವೆ ಎರಡೂ ಗೋಡೆಗಳು ಗುಂಡಿ ಹಾಕಿದ ಬಟ್ಟೆಯಂತೆ ಬಿಗಿಯಾಗಿ ಕೂಡಿ ಕೂರುತ್ತವೆ. ಸ್ಟೆಂಟಿಗೆ ಹೊದಿಕೆ ಇರುವುದರಿಂದ ಪಿತ್ತ ಹೊಟ್ಟೆಯೊಳಗೆ ಸೋರದೆ ಕರುಳಿಗೇ ಬೀಳುತ್ತದೆ. ಪಿತ್ತ ಸೇರಬೇಕಾದ ಜಾಗವೇ ಅದು. ಬೇರೆ ಬಾಗಿಲಿನಿಂದ ಸೇರುತ್ತದೆ, ಅಷ್ಟೇ.

ಅಲ್ಟ್ರಾಸೌಂಡ್ ಎಂಡೋಸ್ಕೋಪಿನಿಂದ ಪಿತ್ತಕೋಶಕ್ಕೆ ಸ್ಟೆಂಟ್ ಹಾಕಿದ ಮೊದಲ ವರದಿಗಳು ಬಂದದ್ದು 2007ರಲ್ಲಿ. ಈ ಡಂಬೆಲ್ ಆಕಾರದ್ದು ಬಂದದ್ದು ಅದಾಗಿ ಕೆಲವು ವರ್ಷಕ್ಕೆ. ಜಾಲರಿಯ ತಂತಿ ನಿಕ್ಕೆಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್. ಹಿಂಡಿ ಸಣ್ಣ ಕೊಳವೆಯೊಳಗೆ ತುಂಬಿದ್ದರೂ ಬಿಟ್ಟ ಕೂಡಲೇ ತನ್ನ ಹಳೆಯ ಆಕಾರ ನೆನಪಿಸಿಕೊಂಡು ಅರಳುವ ಲೋಹ. ಸ್ಟೆಂಟ್ ಅನ್ನುವ ಹೆಸರಿನ ಮೂಲವನ್ನು ಹೆಚ್ಚಿನವರು ಗುರುತಿಸುವುದು 19ನೇ ಶತಮಾನದ ಇಂಗ್ಲಿಷ್ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಅವರಲ್ಲಿ. ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವನ್ನು ಸುಧಾರಿಸಿದವರು ಅವರು. ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಿದಾಗ, “ಹಲ್ಲಿನ ಡಾಕ್ಟ್ರ ಹೆಸರು ನನ್ನ ಹೊಟ್ಟೇಲಿ ಕೂತ್ಕೊಳತ್ತಾ!” ಎಂದು ಆಶ್ಚರ್ಯಪಟ್ಟಳು. ಎಷ್ಟೋ ವಾರಗಳ ನಂತರ ಅವಳು ಕಾಯಿಲೆಯ ಬಗ್ಗೆ ಕುತೂಹಲದಿಂದ ಕೇಳಿದ್ದು ಅವತ್ತೇ.

ಮನೆಯಲ್ಲಿ ಒಮ್ಮತವಿರಲಿಲ್ಲ. ವಾಸಿಯಾಗದ ಕಾಯಿಲೆಗೆ ಮತ್ತೊಂದು ಪ್ರಯೋಗ ಯಾಕೆ, ಇರುವಷ್ಟು ದಿನ ಸುಮ್ಮನಿರಲಿ ಬಿಡಿ ಅಂದವರಿದ್ದರು. ಅವರೂ ಪ್ರೀತಿಯಿಂದಲೇ ಹೇಳುತ್ತಿದ್ದರು, ಅದು ನನಗೆ ಗೊತ್ತಿತ್ತು. ಆದರೆ ಆ ಮಾತಿನಲ್ಲಿ ಒಂದು ತಪ್ಪು ಲೆಕ್ಕ ಇತ್ತು. ಈ ಸ್ಟೆಂಟ್ ಕ್ಯಾನ್ಸರಿಗೆ ಹಾಕುತ್ತಿದ್ದದ್ದೇ ಅಲ್ಲ. ಅದು ಪಿತ್ತಕೋಶದ ಸೋಂಕಿಗೆ, ಆ ಚೀಲಕ್ಕೆ, ಮಗ್ಗುಲು ಬದಲಿಸಲಾಗದ ರಾತ್ರಿಗಳಿಗೆ ಮದ್ದು. ಉಪಶಮನ ಚಿಕಿತ್ಸೆ ಅಂದರೆ ಕೈಚೆಲ್ಲಿದ ಮೇಲೆ ಕೊಡುವ ಸಮಾಧಾನ ಎಂದು ನಾನೂ ತಿಳಿದಿದ್ದೆ. ಅಷ್ಟು ನಾಜೂಕಿನ ಕೈಕೆಲಸವೂ ಅದರ ಭಾಗ ಎಂದು ಕಣ್ಣಾರೆ ಕಂಡ ಮೇಲೆ ಆ ತಿಳಿವಳಿಕೆ ಬಿಟ್ಟುಬಿಟ್ಟೆ. ಸೋಂಕು ನಿಲ್ಲದೆ ಕಿಮೋ ಶುರುವಾಗುವಂತೆಯೂ ಇರಲಿಲ್ಲ.

ವೈದ್ಯರು ಒಂದು ಅಧ್ಯಯನದ ವಿಷಯ ಹೇಳಿದರು, ಆಮೇಲೆ ನಾನೂ ಹುಡುಕಿ ಓದಿದೆ. 2020ರಲ್ಲಿ ಪ್ರಕಟವಾದದ್ದು. ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾರದ 80 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚರ್ಮದ ಮೂಲಕ ನಳಿಗೆ, ಇನ್ನೊಂದಕ್ಕೆ ಒಳಗಿನ ಸ್ಟೆಂಟ್ ಹಾಕಿ ನೋಡಿದರು. ಒಂದು ವರ್ಷದೊಳಗೆ ಏನಾದರೂ ತೊಂದರೆ ಕಂಡವರು ನಳಿಗೆಯ ಗುಂಪಿನಲ್ಲಿ ಶೇಕಡಾ 77.5, ಸ್ಟೆಂಟಿನ ಗುಂಪಿನಲ್ಲಿ ಶೇಕಡಾ 25.6. ಅವರಿಗಿದ್ದದ್ದು ಕಲ್ಲಿನ ಉರಿಯೂತ, ಹಾಗಾಗಿ ಆ ಅಂಕಿಯನ್ನು ನೇರವಾಗಿ ಚಿಕ್ಕಮ್ಮನಿಗೆ ಅನ್ವಯಿಸುವಂತಿಲ್ಲ ಎಂದೂ ವೈದ್ಯರೇ ಎಚ್ಚರಿಸಿದರು. ಅಪಾಯಗಳನ್ನೂ ಮುಚ್ಚಿಡಲಿಲ್ಲ: ರಕ್ತಸ್ರಾವ ಆಗಬಹುದು, ಸ್ಟೆಂಟ್ ಜಾಗ ತಪ್ಪಿ ಪಿತ್ತ ಹೊಟ್ಟೆಯೊಳಗೆ ಸೋರಬಹುದು, ಮುಂದೆ ಕಟ್ಟಿಕೊಳ್ಳಲೂಬಹುದು. ಇದನ್ನು ಮಾಡಿ ಪಳಗಿದ ಕೈ ಬೇಕು, ಏನಾದರೂ ಹೆಚ್ಚುಕಡಿಮೆಯಾದರೆ ನಿಭಾಯಿಸುವ ಶಸ್ತ್ರವೈದ್ಯರು ಅದೇ ಕಟ್ಟಡದಲ್ಲಿರಬೇಕು. ಇಂಥದ್ದನ್ನು ಕೇಳಿಸಿಕೊಂಡು ತೀರ್ಮಾನ ಮಾಡುವವರು ನಾವಲ್ಲ ಎಂದು ಅವಳ ಕಡೆ ನೋಡಿದೆ. “ಚೀಲ ಹೋಗತ್ತಾ?” ಎಂದಷ್ಟೇ ಕೇಳಿದಳು. ಹೋಗುವ ಸಾಧ್ಯತೆ ತುಂಬಾ ಇದೆ ಅಂದರು. “ಹಾಗಾದ್ರೆ ಮಾಡಿ.”

ಮಾಡಿದ ದಿನದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಖಾಲಿಯಾಗಿ ಮುದುಡಿದ ಪಿತ್ತಕೋಶಕ್ಕೆ ಗುರಿ ಹಿಡಿಯುವುದು ಕಷ್ಟವಂತೆ. ಹಾಗಾಗಿ ಚರ್ಮದ ಆ ನಳಿಗೆಯಿಂದಲೇ ಸಲೈನ್ ಒಳಗೆ ಬಿಟ್ಟು, ಪಿತ್ತಕೋಶವನ್ನು ಬೇಕೆಂದೇ ಉಬ್ಬಿಸಿ, ಕರುಳಿಗೆ ಒತ್ತಿ ಕೂರುವಂತೆ ಮಾಡಿಕೊಂಡರು. ಐದು ವಾರ ಅವಳನ್ನು ಕಾಡಿದ ನಳಿಗೆಯೇ ತನ್ನನ್ನು ಬಿಡಿಸುವ ಕೆಲಸಕ್ಕೆ ಬಂತು. ನಲವತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದ ವೈದ್ಯರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಗುಲಾಬಿ ಬಣ್ಣದ ಕರುಳಿನ ಗೋಡೆಯಲ್ಲಿ ಬೆಳ್ಳಿಯ ಹೂವಿನಂಥ ಅಂಚು, ಅದರ ನಡುವಿನಿಂದ ಹಸಿರು ಪಿತ್ತ ತೊಟ್ಟಿಕ್ಕುತ್ತಿತ್ತು.

ನಳಿಗೆಯನ್ನು ತಕ್ಷಣ ಕೀಳಲಿಲ್ಲ. ಮೊದಲು ಅದರ ಬಾಯಿ ಮುಚ್ಚಿಟ್ಟು ನೋವು, ಜ್ವರ ಬರುತ್ತದೋ ಎಂದು ನೋಡಿದರು. ಆಮೇಲೆ ಬಣ್ಣದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಅದು ಸರಾಗವಾಗಿ ಕರುಳಿಗೆ ಇಳಿಯುವುದನ್ನು ಖಾತ್ರಿ ಮಾಡಿಕೊಂಡರು. ಹನ್ನೊಂದನೇ ದಿನ ತೆಗೆದರು. ಒಂದು ಸಣ್ಣ ಪಟ್ಟಿ ಅಂಟಿಸಿ ಮನೆಗೆ ಕಳಿಸಿದರು.

ಈಗ ಯಾರಾದರೂ ಇದೇ ಹಾದಿಯಲ್ಲಿದ್ದೇವೆ ಎಂದರೆ ನಾನು ಹೇಳುವ ಮಾತುಗಳು ಇವು. ಪಿತ್ತನಾಳಕ್ಕೆ ಲೋಹದ ಸ್ಟೆಂಟ್ ಹಾಕುವ ಮುನ್ನವೇ, ಗಡ್ಡೆ ಪಿತ್ತಕೋಶದ ಓಣಿಯನ್ನು ಮುಟ್ಟಿದೆಯೇ ಎಂದು ಕೇಳಿ. ಸ್ಟೆಂಟ್ ಆದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹೊಸ ನೋವು, ಚಳಿ ಹತ್ತಿ ಬರುವ ಜ್ವರ, ಮರಳಿ ಬರುವ ಹಳದಿ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಚರ್ಮದ ಮೂಲಕ ನಳಿಗೆ ಹಾಕಿದರೆ ಅದನ್ನು ಯಾವಾಗ, ಹೇಗೆ ತೆಗೆಯುತ್ತಾರೆ ಎಂದು ಅವತ್ತೇ ಕೇಳಿ; ತೆಗೆಯಲಾಗದು ಅಂದರೆ ಒಳಗಿನ ಸ್ಟೆಂಟ್ ಸಾಧ್ಯವೇ ಎಂದು ಕೇಳಿ. ಎಲ್ಲರಿಗೂ ಸಾಧ್ಯವಿಲ್ಲ. ಪಿತ್ತಕೋಶ ಕರುಳಿನಿಂದ ದೂರವಿದ್ದರೆ ನಳಿಗೆಯೇ ಸರಿಯಾದ ಚಿಕಿತ್ಸೆ ಆಗಿರಬಹುದು. ಆದರೂ ಕೇಳಿ. ನಾವು ಕೇಳದೆ ಐದು ವಾರ ಕಳೆದೆವು, ಅವಳ ಹತ್ತಿರ ಇದ್ದದ್ದೇ ಎಣಿಸಿದಷ್ಟು ವಾರ.

ಸ್ಟೆಂಟ್ ಹಾಕಿದ ಮೂರನೇ ವಾರ ಕಿಮೋ ಶುರುವಾಯಿತು. ನಾಲ್ಕು ಸುತ್ತು ಆಯಿತು. ಐದನೆಯದಕ್ಕೆ ಮೈಯಲ್ಲಿ ಶಕ್ತಿ ಉಳಿದಿಲ್ಲ ಎಂದು ಅವಳೇ ಸಾಕು ಅಂದಳು. ನಾವು ಒತ್ತಾಯ ಮಾಡಲಿಲ್ಲ. ಒಟ್ಟು ಏಳು ತಿಂಗಳು ನಮ್ಮ ಜೊತೆಗಿದ್ದಳು. ಪಿತ್ತಕೋಶದ ನೋವು ಆಮೇಲೆ ಒಮ್ಮೆಯೂ ಬರಲಿಲ್ಲ. ಕೊನೆಯ ಸ್ಕ್ಯಾನಿನಲ್ಲಿ ಲಿವರಿನ ಗಡ್ಡೆಗಳು ದೊಡ್ಡದಾಗಿದ್ದವು. ಅವುಗಳ ಕೆಳಗೆ ಆ ಪುಟ್ಟ ಡಂಬೆಲ್ ಬೆಳ್ಳಗೆ ಹೊಳೆಯುತ್ತ ಇಟ್ಟ ಜಾಗದಲ್ಲೇ ಇತ್ತು, ಪಿತ್ತಕೋಶ ಮುದುಡಿ ಸುಮ್ಮನಿತ್ತು.

ನಳಿಗೆ ತೆಗೆದ ದಿನದ ರಾತ್ರಿ ನಾನು ಅವಳ ಕೋಣೆಯಲ್ಲೇ ಮಲಗಿದ್ದೆ. ಒಂದು ಹೊತ್ತಿನಲ್ಲಿ ಎಚ್ಚರವಾಯಿತು. ಮಂಚ ಕಿರುಗುಟ್ಟಿದ ಸದ್ದು. ಅವಳು ಬಲಗೈಯಿಂದ ಪಕ್ಕೆಯನ್ನು ತಡವಿ ನೋಡಿಕೊಂಡಳು, ಪಟ್ಟಿ ಇದ್ದ ಜಾಗವನ್ನು ಮೆಲ್ಲಗೆ ಒತ್ತಿದಳು. ಆಮೇಲೆ ತುಂಬ ನಿಧಾನವಾಗಿ, ಏನೋ ಕೇಳಿಸಿಕೊಳ್ಳುವವಳಂತೆ ನಡುನಡುವೆ ತಡೆದು, ಬಲಮಗ್ಗುಲಿಗೆ ಹೊರಳಿದಳು.